ಚೈತ್ರ@1, ವೈಶಾಖ@2

ಕಂಪನಿಗಳ ಕಂಪ್ಯೂಟರ್ ಭದ್ರತೆ ತಪಾಸಣೆ ಮಾಡುವುದು ನನ್ನ ಕೆಲಸ. ಹೋದ ಕಡೆ ಮೊದಲು ನೋಡುವುದು ಸರ್ವರ್ ಅಲ್ಲ, ಕೀಬೋರ್ಡಿನ ಅಡಿ. ಪಾಸ್‌ವರ್ಡ್ ಚೀಟಿ ಅಲ್ಲೇ ಸಿಗುವುದು ಜಾಸ್ತಿ. ಜಯನಗರದ ಒಂದು ಆಫೀಸಿನಲ್ಲಿ ಮಾತ್ರ ಸಿಗಲಿಲ್ಲ. ಲೆಕ್ಕಪತ್ರ ನೋಡುವ ಮೇಡಂ ನಕ್ಕರು. "ಚೀಟಿ ಯಾಕೆ ಸರ್? ಗೋಡೆ ಮೇಲೆ ಕ್ಯಾಲೆಂಡರ್ ಇದೆಯಲ್ಲ!"

ಅಲ್ಲಿ ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸಲೇಬೇಕು. ಅವರದ್ದು ಮೊದಲು ಚೈತ್ರ@1, ಆಮೇಲೆ ವೈಶಾಖ@2. ನಾನು ಹೋದಾಗ ಜ್ಯೇಷ್ಠ ನಡೆಯುತ್ತಿತ್ತು.

ಅವರನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ಅಕ್ಷರ, ಅಂಕಿ, ಚಿಹ್ನೆ ಎಲ್ಲ ಇದೆ. ನಿಯಮದ ಲೆಕ್ಕದಲ್ಲಿ ಅದು ಗಟ್ಟಿ ಪಾಸ್‌ವರ್ಡೇ. ಆದರೆ ಹಳೆಯದೊಂದು ಕಳ್ಳನ ಕೈಗೆ ಸಿಕ್ಕರೆ ಮುಂದಿನದನ್ನು ಹೇಳಲು ಪಂಚಾಂಗ ಸಾಕು. ಅಷ್ಟಕ್ಕೂ ಪಾಸ್‌ವರ್ಡ್ ಕದ್ದವನು ತಿಂಗಳು ಮುಗಿಯಲಿ ಅಂತ ಕಾಯುತ್ತಾನಾ? ಅವತ್ತೇ ಕೆಲಸ ಮುಗಿಸುತ್ತಾನೆ.

ಆಗಾಗ ಬದಲಿಸಿ ಎಂಬ ಸಲಹೆಯನ್ನು 2003ರಲ್ಲಿ ಅಮೆರಿಕ ಸರ್ಕಾರದ ಮಾನದಂಡ ಸಂಸ್ಥೆಯಾದ ನಿಸ್ಟ್‌ಗಾಗಿ ಬರೆದವರು ಬಿಲ್ ಬರ್. 2017ರಲ್ಲಿ ಅವರೇ ಅದಕ್ಕೆ ಬೇಸರಪಟ್ಟುಕೊಂಡರು. ಸೋರಿದ ಸುಳಿವಿಲ್ಲದೆ ಬದಲಿಸಲು ಒತ್ತಾಯಿಸಬೇಡಿ ಎಂದು ನಿಸ್ಟ್ ಕೂಡ ಅದೇ ವರ್ಷ ಹೇಳಿತು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ವಿಂಡೋಸ್ ಶಿಫಾರಸಿನಿಂದ ಈ ನಿಯಮ ಕೈಬಿಟ್ಟಿತು. ನಮ್ಮ ಆಫೀಸುಗಳಿಗೆ ಸುದ್ದಿ ಇನ್ನೂ ಮುಟ್ಟಿದಂತಿಲ್ಲ.

ಅಪಾರ್ಟ್‌ಮೆಂಟ್ ಗೇಟಿನ ರಿಜಿಸ್ಟರೂ ಇದೇ ಜಾತಿ. ಸುಳ್ಳು ನಂಬರ್ ಬರೆದವನನ್ನು ಸೆಕ್ಯುರಿಟಿಯವರು ಕೇಳುವುದಿಲ್ಲ, ಪಾಪ, ಅವರಿಗೆ ಗೇಟ್ ತೆಗೆಯುವುದೇ ಸಾಕಾಗಿರುತ್ತದೆ. ನಿಜ ಬರೆದವರ ಹೆಸರು, ಫೋನು, ಯಾವ ಮನೆಗೆ ಬಂದರು ಎಂಬುದು ಮಾತ್ರ ಮುಂದೆ ಬಂದವರೆಲ್ಲರ ಕಣ್ಣಿಗೆ ಬೀಳುತ್ತದೆ. ಪೀಜಿಗಳು ಕೇಳುವ ಆಧಾರ್ ಜೆರಾಕ್ಸ್ ಇನ್ನೊಂದು. ಎಲ್ಲೆಂದರಲ್ಲಿ ಜೆರಾಕ್ಸ್ ಕೊಡಬೇಡಿ ಎಂದು 2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿಯೇ ಪ್ರಕಟಣೆ ಹೊರಡಿಸಿತ್ತು. ಎರಡೇ ದಿನಕ್ಕೆ ಅದು ವಾಪಸ್ಸಾಯಿತು, ಆ ಮಾತು ಬೇರೆ. ನಾನಂತೂ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡುತ್ತೇನೆ.

ಜಯನಗರದ ಆಫೀಸಿಗೆ ವರದಿ ಕೊಟ್ಟೆ. ತಿಂಗಳ ನಿಯಮ ತೆಗೆಯಿರಿ, ಪಾಸ್‌ವರ್ಡ್ ಉದ್ದ ಇರಲಿ, ಜೊತೆಗೆ ಮೊಬೈಲಿನ ಕೋಡ್ ಒಂದು ಸೇರಿಸಿ ಎಂದು ಬರೆದಿದ್ದೆ. ಮ್ಯಾನೇಜರ್ ಪೂರ್ತಿ ಓದಿದರು.

"ನೀವು ಹೇಳೋದು ಸರಿ ಸರ್. ಆದ್ರೆ ಕ್ಲೈಂಟ್ ಕಳಿಸೋ ಚೆಕ್‌ಲಿಸ್ಟ್‌ನಲ್ಲಿ ಆ ಕಾಲಂ ಇದೆ. ಟಿಕ್ ಹಾಕ್ದಿದ್ರೆ ನಮ್ ಬಿಲ್ ಪಾಸಾಗಲ್ಲ."

ಮೇಡಂ ಈಗ ಆಷಾಢ@4 ಹಾಕಿರಬೇಕು.