ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು

ಸಂಗೀತ ಕುರ್ಚಿಯನ್ನು ನಾನು ಮಕ್ಕಳಿಗೆ ಆಡಿಸುವುದನ್ನು ಬಿಟ್ಟು ಬಹಳ ವರ್ಷಗಳಾದವು. ಕಾರಣ ಒಂದು ಸಣ್ಣ ಲೆಕ್ಕ. ಇಪ್ಪತ್ತು ಮಕ್ಕಳು, ಹತ್ತೊಂಬತ್ತು ಕುರ್ಚಿಗಳು. ಒಂದು ಸುತ್ತಿಗೆ ಅರ್ಧ ನಿಮಿಷ ಎಂದು ಹಿಡಿಯಿರಿ. ಮೊದಲ ಸುತ್ತಿನಲ್ಲಿ ಕುರ್ಚಿ ಸಿಗದ ಮಗು ಉಳಿದ 18 ಸುತ್ತು, ಅಂದರೆ 9 ನಿಮಿಷ ಗೋಡೆಗೆ ಒರಗಿ ಕುಳಿತಿರುತ್ತದೆ. ಕೊನೆಯವರೆಗೆ ಓಡಿದ ಇಬ್ಬರು ಮೊದಲೇ ಚುರುಕಾಗಿದ್ದವರು. ಯಾರ ಕಾಲಿಗೆ ಓಟ ಬೇಕಿತ್ತೋ ಆ ಮಗುವನ್ನು ಕೂರಿಸಿ, ಬೇಡದವರನ್ನು ಇನ್ನಷ್ಟು ಓಡಿಸಿದಂತಾಯಿತು.

ಮುಂಬಯಿಯ ಉಪನಗರದ ಶಾಲೆಗಳಲ್ಲಿ 22 ವರ್ಷ ದೈಹಿಕ ಶಿಕ್ಷಣ ಶಿಕ್ಷಕಿಯಾಗಿ ಕೆಲಸ ಮಾಡಿದ್ದೇನೆ. ಈಗ ಮುಲುಂಡಿನ ನಮ್ಮ ಕಟ್ಟಡದ ಅಂಗಳದಲ್ಲಿ, ಸುತ್ತಮುತ್ತಲಿನ ಕನ್ನಡ ಮನೆಗಳ ಮಕ್ಕಳನ್ನೂ ಅವರ ಮರಾಠಿ, ಗುಜರಾತಿ, ತಮಿಳು ಗೆಳೆಯರನ್ನೂ ಸೇರಿಸಿಕೊಂಡು ಸಂಜೆ ಆಟ ಆಡಿಸುತ್ತೇನೆ. ತಾಯಂದಿರು ಬಂದು ಕೇಳುವುದು ಒಂದೇ ಪ್ರಶ್ನೆ: "ಟೀಚರ್, ಒಳ್ಳೆಯ ಆಟ ಯಾವುದು ಹೇಳಿ." ನನ್ನ ಉತ್ತರವೂ ಒಂದೇ. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನವಾಗಿ ಓಡುವ ಮಗು ಎಷ್ಟು ಹೊತ್ತು ಸುಮ್ಮನೆ ನಿಂತಿದೆ ಎಂದು ಗಡಿಯಾರ ಹಿಡಿದು ನೋಡಿ. ಆ ಹೊತ್ತು ಕಡಿಮೆಯಾದಷ್ಟೂ ಆಟ ಒಳ್ಳೆಯದು.

ನಮ್ಮಲ್ಲಿ ಒಂದು ಮಾತಿದೆ: ಆಟಕ್ಕುಂಟು, ಲೆಕ್ಕಕ್ಕಿಲ್ಲ. ಮರಾಠಿ ಮಕ್ಕಳು ಇದನ್ನೇ 'ಕಚ್ಚಾ ಲಿಂಬು' ಎನ್ನುತ್ತಾರೆ, ಹಣ್ಣಾಗದ ನಿಂಬೆಕಾಯಿ. ನಾಲ್ಕು ವರ್ಷದ ತಮ್ಮನನ್ನು ದೊಡ್ಡವರ ಆಟಕ್ಕೆ ಹೀಗೆ ಸೇರಿಸಿಕೊಳ್ಳುವುದು ಮಕ್ಕಳೇ ಕಂಡುಕೊಂಡ ದೊಡ್ಡ ಔದಾರ್ಯ. ಅವನು ಅಣ್ಣನ ಹಿಂದೆ ಓಡುತ್ತಾನೆ, ಕೂಗುತ್ತಾನೆ, ಯಾರೂ ಅವನನ್ನು ಔಟ್ ಮಾಡುವುದಿಲ್ಲ. ಆದರೆ ಒಂಬತ್ತು ವರ್ಷದ ಹುಡುಗಿಗೆ ಓಡಲು ಕಷ್ಟವೆಂದು ಅದೇ ಹೆಸರು ಕೊಟ್ಟರೆ ಅವಳಿಗೆ ತಕ್ಷಣ ಗೊತ್ತಾಗುತ್ತದೆ. ಮರುದಿನ ಅವಳು ಹೊಟ್ಟೆನೋವು ಎಂದು ಕೆಳಗೆ ಇಳಿಯುವುದಿಲ್ಲ. ಅಂಥ ಮಗುವಿಗೆ ನಾನು 'ಎರಡು ಜೀವ' ಕೊಡುತ್ತೇನೆ: ಎರಡು ಸಲ ಮುಟ್ಟಿದರೆ ಮಾತ್ರ ಸಿಕ್ಕಂತೆ. ಅವಳು ಲೆಕ್ಕದಲ್ಲಿ ಇರುತ್ತಾಳೆ, ಅವಳನ್ನು ಹಿಡಿದವರಿಗೂ ಹಿಡಿದೆವೆಂಬ ಹೆಮ್ಮೆ ಇರುತ್ತದೆ.

ಔಟಾದವರನ್ನು ಏನು ಮಾಡಬೇಕು ಎಂಬ ಪ್ರಶ್ನೆಗೆ ನಮ್ಮ ಕಬಡ್ಡಿಯಲ್ಲೇ ಮೂರು ಉತ್ತರಗಳಿವೆ. ಹಿಂದಿನಿಂದ ಬಂದ ಮೂರು ಪದ್ಧತಿಗಳ ಹೆಸರು ಸಂಜೀವನಿ, ಗಾಮಿನಿ, ಅಮರ್. ಗಾಮಿನಿಯಲ್ಲಿ ಔಟಾದವನು ತನ್ನ ತಂಡದ ಎಲ್ಲರೂ ಔಟಾಗುವವರೆಗೆ ಹೊರಗೇ ಇರಬೇಕು. ಸಂಜೀವನಿಯಲ್ಲಿ ಎದುರಾಳಿ ಒಬ್ಬ ಔಟಾದರೆ ನಮ್ಮವನೊಬ್ಬನಿಗೆ ಜೀವ ಬರುತ್ತದೆ. ಇಂದು ಟಿವಿಯಲ್ಲಿ ನೋಡುವ ಕಬಡ್ಡಿ ನಡೆಯುವುದು ಈ ನಿಯಮದ ಮೇಲೆ. ಅಮರ್‌ನಲ್ಲಿ ಔಟಾದವನು ಅಂಕಣ ಬಿಡುವುದೇ ಇಲ್ಲ. ಎದುರಿನವರಿಗೆ ಅಂಕ ಹೋಗುತ್ತದೆ, ಆಟಗಾರ ಆಡುತ್ತಲೇ ಇರುತ್ತಾನೆ. ಮಕ್ಕಳಿಗೆ ಆಟ ಆರಿಸುವಾಗ ನನಗೆ ಅಮರ್ ಮೊದಲು, ಸಂಜೀವನಿ ಎರಡನೆಯದು. ಗಾಮಿನಿಯ ಹತ್ತಿರ ನಾನು ಹೋಗುವುದಿಲ್ಲ.

ಇನ್ನು ಆಟಗಳಿಗೆ ಬರುತ್ತೇನೆ. ಮುಂಬಯಿಯ ಯಾವ ಓಣಿಗೆ ಹೋದರೂ ಮಕ್ಕಳಿಗೆ ಗೊತ್ತಿರುವುದು 'ವಿಷ್-ಅಮೃತ್'. ಹಿಡಿಯುವವನು ಮುಟ್ಟಿ 'ವಿಷ್' ಎಂದರೆ ನಿಂತಲ್ಲೇ ಕಂಬವಾಗಬೇಕು. ಗೆಳೆಯನೊಬ್ಬ ಬಂದು ಮುಟ್ಟಿ 'ಅಮೃತ್' ಎಂದರೆ ಮತ್ತೆ ಓಟ. ಬೆಂಗಳೂರಿನ ಮಕ್ಕಳು ಇದನ್ನು ಲಾಕ್ ಅಂಡ್ ಕೀ ಎನ್ನುತ್ತಾರೆ. ನನ್ನ ಮಟ್ಟಿಗೆ ಇದಕ್ಕಿಂತ ಚೆನ್ನಾಗಿ ಕಟ್ಟಿದ ಮಕ್ಕಳ ಆಟ ಇನ್ನೊಂದಿಲ್ಲ. ದಣಿದ ಮಗುವಿಗೆ ಕಂಬವಾಗಿ ನಿಂತಷ್ಟು ಹೊತ್ತು ಉಸಿರು ಸಿಗುತ್ತದೆ, ಆ ಬಿಡುವು ಸೋಲಿನಂತೆ ಕಾಣುವುದಿಲ್ಲ. ಜೋರಾಗಿ ಓಡಲಾರದ ಮಗುವಿಗೆ ಇಲ್ಲೊಂದು ದೊಡ್ಡ ಕೆಲಸವೂ ಇದೆ. ಹಿಡಿಯುವವನ ಕಣ್ಣು ಚುರುಕಾಗಿ ಓಡುವವರ ಮೇಲಿದ್ದಾಗ ಇವನು ಗೋಡೆಯಂಚಿನಿಂದ ಸದ್ದಿಲ್ಲದೆ ಹೋಗಿ ಮೂವರನ್ನು ಬಿಡಿಸಿಬಿಡುತ್ತಾನೆ. ಹದಿನೈದು ಮಕ್ಕಳಿದ್ದರೆ ಹಿಡಿಯುವವರು ಇಬ್ಬರಿರಲಿ, ಮೂರು ನಿಮಿಷಕ್ಕೊಮ್ಮೆ ಬದಲಾಗಲಿ. ಒಬ್ಬನೇ ಇದ್ದರೆ ಅವನು ಸೋತು ಅಳುತ್ತಾನೆ. ಬಿಡಿಸಲು ಬರೀ ಮುಟ್ಟುವ ಬದಲು ಕಂಬವಾದವರ ಸುತ್ತ ಎರಡು ಸುತ್ತು ಬರಬೇಕು ಎಂದರೆ ಓಟ ಇನ್ನೂ ಹೆಚ್ಚುತ್ತದೆ, ಸಿಕ್ಕಿಬೀಳುವ ಭಯದ ಖುಷಿಯೂ ಹೆಚ್ಚುತ್ತದೆ.

ಹಿಡಿಯುವ ಸರದಿ ಬಂದವನಿಗೆ 'ರಾಜ್ಯ ಬಂತು' ಎನ್ನುವುದು ಮರಾಠಿ ಮಕ್ಕಳ ರೂಢಿ. ನಮ್ಮ ಅನೇಕ ಊರುಗಳಲ್ಲಿ ಅವನು ಕಳ್ಳ. ನಾನು ಕನ್ನಡ ಮಕ್ಕಳಿಗೂ ರಾಜ್ಯ ಎಂದೇ ಹೇಳಿಸುತ್ತೇನೆ. ಕಳ್ಳನಾಗಲು ಹಿಂಜರಿಯುವ ಮಗು ರಾಜ್ಯ ಬಂತೆಂದರೆ ಎದೆ ಉಬ್ಬಿಸಿ ಮುಂದೆ ಬರುತ್ತದೆ.

'ಸಾಖಳಿ', ಅಂದರೆ ಸರಪಳಿ ಆಟವೂ ಅಮರ್ ಜಾತಿಯದೇ. ಸಿಕ್ಕವರು ಹೊರಗೆ ಹೋಗುವುದಿಲ್ಲ, ಹಿಡಿದವರ ಕೈ ಹಿಡಿದು ಸರಪಳಿಯಾಗುತ್ತಾರೆ. ಮೊದಲು ಸಿಕ್ಕ ಮಗು ಎಲ್ಲರಿಗಿಂತ ಹೆಚ್ಚು ಹೊತ್ತು ಬೇಟೆಯಾಡುತ್ತದೆ! ಆದರೆ ಇಲ್ಲಿ ದೊಡ್ಡವರು ಕಣ್ಣಿಡಬೇಕಾದ ಒಂದು ಸಂಗತಿ ಇದೆ. ಸರಪಳಿ ಉದ್ದವಾದಂತೆ ತಿರುಗುವಾಗ ತುದಿಯಲ್ಲಿರುವ ಮಗು ಚಾಟಿಯ ತುದಿಯಂತೆ ಎಳೆಯಲ್ಪಡುತ್ತದೆ. ಐದು ವರ್ಷದೊಳಗಿನ ಮಕ್ಕಳ ಮೊಣಕೈಯ ಕಟ್ಟು ಸಡಿಲ. ಚಾಚಿದ ಕೈಯನ್ನು ಜೋರಾಗಿ ಎಳೆದರೆ ಅಲ್ಲಿ ಮುಂಗೈ ಮೂಳೆಯೊಂದರ ತುದಿ ತನ್ನ ಜಾಗದಿಂದ ಸರಿಯಬಹುದು. ಆಗ ಮಗು ಆ ಕೈಯನ್ನು ಮೈಗೆ ಒತ್ತಿಕೊಂಡು ಅಲುಗಿಸದೆ ನಿಲ್ಲುತ್ತದೆ. ಮನೆಯಲ್ಲಿ ಎಣ್ಣೆ ಹಚ್ಚಿ ಉಜ್ಜುವುದು, ಎಳೆದು ನೋಡುವುದು ಬೇಡ, ನೇರವಾಗಿ ವೈದ್ಯರ ಬಳಿ ಹೋಗಿ. ಹಾಗಾಗದಿರಲು ನನ್ನ ನಿಯಮ ಎರಡು: ಮಣಿಕಟ್ಟು ಹಿಡಿಯದೆ ಅಂಗೈಗೆ ಅಂಗೈ ಹಿಡಿಯಬೇಕು, ನಾಲ್ವರಾದ ಕೂಡಲೇ ಸರಪಳಿ ಇಬ್ಬಿಬ್ಬರಾಗಿ ಒಡೆಯಬೇಕು. ಐದು ವರ್ಷದೊಳಗಿನವರನ್ನು ಈ ಆಟಕ್ಕೆ ಸೇರಿಸುವುದೇ ಇಲ್ಲ.

ಒಂದು ಸಂಜೆ ಧಾರವಾಡದಿಂದ ಮಗಳ ಮನೆಗೆ ಬಂದಿದ್ದ ಅಜ್ಜಿಯೊಬ್ಬರು ಅಂಗಳದ ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದರು. ಮಕ್ಕಳು 'ಡೋಂಗರ್-ಪಾಣಿ' ಆಡುತ್ತಿದ್ದರು. ಡೋಂಗರ್ ಎಂದರೆ ಗುಡ್ಡ, ಪಾಣಿ ಎಂದರೆ ನೀರು. ರಾಜ್ಯ ಬಂದವನು ಎರಡರಲ್ಲೊಂದನ್ನು ಆರಿಸಿಕೊಳ್ಳುತ್ತಾನೆ. ಪಾಣಿ ಅವನದಾದರೆ ಮೆಟ್ಟಿಲು, ಕಟ್ಟೆಗಳ ಮೇಲೆ ಉಳಿದವರು ಕ್ಷೇಮ. ನೆಲಕ್ಕೆ ಇಳಿದರೆ ಅವನು ಹಿಡಿಯಬಹುದು. ಮಕ್ಕಳು ಬೇಕೆಂದೇ ಇಳಿದು "ನಿನ್ನ ನೀರಲ್ಲಿ ಸ್ನಾನ ಮಾಡಿದೆ" ಎಂದು ಕೆಣಕಿ ಹತ್ತುತ್ತಾರೆ. ಅಜ್ಜಿ ಸ್ವಲ್ಪ ಹೊತ್ತು ನೋಡಿ, "ಇದು ನಮ್ಮ ಕಲ್ಲಾ-ಮಣ್ಣಾ ಅಲ್ಲವೇನಮ್ಮ?" ಎಂದರು. ನಿಜವಾಗಿ ಅದೇ. ಕಲ್ಲೋ ಮಣ್ಣೋ ಎಂದು ಕೇಳಿ ಆಡುವ ಆಟ ಘಟ್ಟ, ನದಿ ದಾಟಿ ಗುಡ್ಡವೋ ನೀರೋ ಆಗಿದೆ, ಅಷ್ಟೇ. ಅಂದಿನಿಂದ ನಮ್ಮ ಮಕ್ಕಳು ಒಂದು ಸುತ್ತು ಮರಾಠಿಯಲ್ಲಿ, ಒಂದು ಸುತ್ತು ಕನ್ನಡದಲ್ಲಿ ಆಡುತ್ತಾರೆ. ಮನೆಯಲ್ಲಿ ಕನ್ನಡ ಕೇಳಿದರೂ ಹಿಂದಿಯಲ್ಲೇ ಉತ್ತರಿಸುವ ಹುಡುಗನೊಬ್ಬ "ಮಣ್ಣು ನಂದು!" ಎಂದು ಕೂಗಿದ್ದನ್ನು ಅವನ ತಾಯಿ ಎರಡನೆಯ ಮಹಡಿಯಿಂದ ಕೇಳಿಸಿಕೊಂಡರು. ಹತ್ತಿ ಇಳಿಯುವ ಈ ಆಟದಷ್ಟು ತೊಡೆ, ಮೀನಖಂಡಗಳಿಗೆ ಕೆಲಸ ಕೊಡುವುದು ಬೇರೆ ಇಲ್ಲ. ಕಟ್ಟೆಯ ಎತ್ತರ ಮಾತ್ರ ಅತಿ ಚಿಕ್ಕ ಮಗುವಿನ ಮೊಣಕಾಲನ್ನು ದಾಟಬಾರದು.

ಲಗೋರಿ ಎರಡೂ ಭಾಷೆಯಲ್ಲಿ ಲಗೋರಿಯೇ. ಏಳು ಚಪ್ಪಟೆ ಕಲ್ಲು, ಒಂದು ಚೆಂಡು, ಎರಡು ತಂಡ. ಕಟ್ಟಡದ ಅಂಗಳದಲ್ಲಿ ಕಲ್ಲಿಗೆ ಬದಲಾಗಿ ಬಡಗಿಯಿಂದ ಕೊಯ್ಯಿಸಿದ ಮರದ ತುಂಡುಗಳನ್ನೂ, ರಬ್ಬರ್ ಚೆಂಡಿಗೆ ಬದಲಾಗಿ ಹಳೆಯ ಕಾಲುಚೀಲಗಳನ್ನು ಒಂದರೊಳಗೊಂದು ತುರುಕಿ ಹೊಲಿದ ಚೆಂಡನ್ನೂ ಬಳಸುತ್ತೇನೆ. ಏಟು ಸೊಂಟದ ಕೆಳಗೆ ಮಾತ್ರ. ಚೆಂಡು ತಗುಲಿದವರು ಹೊರಗೆ ಕೂರದೆ ಗೇಟಿನವರೆಗೆ ಓಡಿ, ಅದನ್ನು ಮುಟ್ಟಿ ಹಿಂದಿರುಗಬೇಕು. ಆಮೇಲೆ ಮತ್ತೆ ಕಲ್ಲು ಜೋಡಿಸಬಹುದು. ಎಸೆಯುವ ಗೆರೆಯನ್ನೂ ವಯಸ್ಸಿಗೆ ತಕ್ಕಂತೆ ಎಳೆಯುತ್ತೇನೆ. ಆರು ವರ್ಷದವರಿಗೆ ನಾಲ್ಕು ಹೆಜ್ಜೆ, ಹನ್ನೆರಡರವರಿಗೆ ಹತ್ತು. ಇದರಿಂದ ಎಲ್ಲರ ಗುರಿಯೂ ಒಮ್ಮೆಯಾದರೂ ಕಲ್ಲಿಗೆ ತಾಗುತ್ತದೆ.

ಖೋ ಖೋ ಬಗ್ಗೆ ಪೋಷಕರ ಉತ್ಸಾಹ ಈಚೆಗೆ ಹೆಚ್ಚಿದೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ವಿಶ್ವಕಪ್ಪನ್ನು ಭಾರತದ ಪುರುಷರೂ ಮಹಿಳೆಯರೂ ಗೆದ್ದರು. ಆಟಕ್ಕೆ ಬರಹದ ನಿಯಮಗಳು ಮೊದಲು ಹುಟ್ಟಿದ್ದು ಇಲ್ಲೇ ಪಕ್ಕದ ಪುಣೆಯ ಡೆಕ್ಕನ್ ಜಿಮಖಾನಾದಲ್ಲಿ, 1914ರಲ್ಲಿ. ನಾನು ಈ ಆಟವನ್ನು ಪ್ರೀತಿಸುತ್ತೇನೆ. ಆದರೂ ಎಂಟು ವರ್ಷದ ಮಕ್ಕಳಿಗೆ ಪೂರ್ಣ ನಿಯಮದಲ್ಲಿ ಆಡಿಸಬೇಡಿ ಎನ್ನುತ್ತೇನೆ. ಬೆನ್ನಟ್ಟುವ ತಂಡದಲ್ಲಿ ಎಂಟು ಮಂದಿ ಕುಳಿತಿರುತ್ತಾರೆ, ಓಡುವವನು ಒಬ್ಬ. ತಪ್ಪಿಸಿಕೊಳ್ಳುವವರೂ ಮೂವರು ಮೂವರಾಗಿ ಇಳಿಯುತ್ತಾರೆ, ಮಿಕ್ಕವರು ಕಾಯುತ್ತಾರೆ. ಪಳಗಿದ ಆಟಗಾರರಲ್ಲಿ ಖೋ ಎಷ್ಟು ಬೇಗ ಕೈಬದಲಾಗುತ್ತದೆ ಎಂದರೆ ಯಾರೂ ಕುಳಿತಂತೆ ಕಾಣುವುದಿಲ್ಲ. ಚಿಕ್ಕ ಮಕ್ಕಳಾದರೋ ಖೋ ಕೊಡಲು ಮರೆತು ತಾವೇ ಓಡುತ್ತಾರೆ, ಕುಳಿತವರ ಕಾಲು ಜೋಮು ಹಿಡಿಯುತ್ತದೆ. ನಾನು ನಾಲ್ವರನ್ನೇ ಕೂರಿಸಿ, ಇಬ್ಬರನ್ನು ಅಟ್ಟಿಸಿ, ಐದು ಹೆಜ್ಜೆಯೊಳಗೆ ಖೋ ಕೊಡಲೇಬೇಕು ಎಂಬ ನಿಯಮ ಇಡುತ್ತೇನೆ. ಹನ್ನೊಂದು ದಾಟಿದ ಮೇಲೆ ಪೂರ್ಣ ಆಟ. ಇದೇ ಕಾರಣಕ್ಕೆ ರಿಲೇ ಓಟದಲ್ಲೂ ಹತ್ತು ಮಕ್ಕಳ ಸಾಲು ಬೇಡ. ಮೂರು ಮೂರು ಮಕ್ಕಳ ಸಾಲು ಮಾಡಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬಯಿ ಮಳೆಯಲ್ಲಿ ಅಂಗಳದ ಪೇವರ್ ಕಲ್ಲುಗಳ ಮೇಲೆ ಪಾಚಿ ಕಟ್ಟುತ್ತದೆ. ಅಲ್ಲಿ ಓಟದ ಆಟ ಸಲ್ಲದು. ಆಗ ನಮ್ಮನ್ನು ಕಾಯುವುದು ಕೆರೆ-ದಡ. ಕೆಳಗಿನ ವಾಹನ ನಿಲುಗಡೆಯ ಒಣಜಾಗದಲ್ಲಿ ಸೀಮೆಸುಣ್ಣದಿಂದ ದೊಡ್ಡ ವೃತ್ತ ಎಳೆಯುತ್ತೇನೆ. "ಕೆರೆ" ಎಂದರೆ ಒಳಗೆ ಜಿಗಿಯಬೇಕು, "ದಡ" ಎಂದರೆ ಹೊರಗೆ. ಕೆರೆಯಲ್ಲಿದ್ದಾಗಲೇ ಮತ್ತೆ ಕೆರೆ ಎಂದರೆ ಅಲುಗಾಡಬಾರದು. ಎರಡು ಪಾದ ಜೋಡಿಸಿ ಜಿಗಿದು, ಮೊಣಕಾಲು ಮಡಿಸಿ ಮೆಲ್ಲಗೆ ಇಳಿಯುವುದು ಮೂಳೆಗೆ ಒಳ್ಳೆಯ ಕಸರತ್ತು. ಕೂಗು ಕೇಳಿ ಮೈಯನ್ನು ತಡೆಯುವುದು ಮನಸ್ಸಿಗೆ ಕಸರತ್ತು. ತಪ್ಪಿದವರನ್ನು ಶಾಲೆಯಲ್ಲಿ ಹೊರಗೆ ಕೂರಿಸುವುದುಂಟು. ನಮ್ಮಲ್ಲಿ ತಪ್ಪಿದವರೇ ಮುಂದಿನ ಕೂಗುವವರು. ಕೂಗುವ ಆಸೆಗೆ ಬೇಕೆಂದೇ ತಪ್ಪುವ ಮಕ್ಕಳೂ ಇದ್ದಾರೆ; ಆಗಲಿ ಬಿಡಿ.

ತಂಡ ಮಾಡುವ ರೀತಿ ಆಟದಷ್ಟೇ ಮುಖ್ಯ. ಇಬ್ಬರು ನಾಯಕರು ಒಬ್ಬೊಬ್ಬರನ್ನೇ ಆರಿಸುವ ಪದ್ಧತಿಯಲ್ಲಿ ಕೊನೆಗೆ ಉಳಿಯುವ ಮಗು ಪ್ರತಿದಿನ ಅದೇ ಆಗಿರುತ್ತದೆ. ನಾನು ಹುಟ್ಟಿದ ತಿಂಗಳು ಕೇಳುತ್ತೇನೆ, ಮನೆಯ ಮಹಡಿ ಕೇಳುತ್ತೇನೆ. ಬೆಸ ಮಹಡಿ ಒಂದು ತಂಡ, ಸಮ ಮಹಡಿ ಇನ್ನೊಂದು.

ಬಿಸಿಲಿನ ಬಗ್ಗೆ ಒಂದು ಮಾತು. ಮೇ ಮತ್ತು ಅಕ್ಟೋಬರ್ ತಿಂಗಳ ಮುಂಬಯಿಯಲ್ಲಿ ಬೆವರು ಮೈಮೇಲೆ ನಿಲ್ಲುತ್ತದೆ. ಅದು ಆವಿಯಾಗದಿದ್ದರೆ ಮೈ ತಣಿಯುವುದಿಲ್ಲ. ಆಟಕ್ಕೆ ಮುಂಚೆ ನೀರು, ಹದಿನೈದು ನಿಮಿಷಕ್ಕೊಮ್ಮೆ ನೆರಳು ಮತ್ತು ನೀರು. ಕೂಗಾಡುತ್ತಿದ್ದ ಮಗು ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿದರೆ, ತಲೆನೋವು, ಓಕರಿಕೆ ಎಂದರೆ ಆಟ ಅಲ್ಲಿಗೇ ಮುಗಿಯಿತು. ನೆರಳಿಗೆ ಕರೆದೊಯ್ದು ಒದ್ದೆ ಬಟ್ಟೆಯಿಂದ ಕುತ್ತಿಗೆ, ಕಂಕುಳು ಒರೆಸಿ, ಗಾಳಿ ಹಾಕಿ. ಮಂಪರು ಕವಿದಂತಿದ್ದರೆ ತಡಮಾಡದೆ ಆಸ್ಪತ್ರೆಗೆ ಹೊರಡಿ.

5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷವಾದರೂ ಉಸಿರು ಏರುವಂತೆ ಮೈ ದಣಿಸಬೇಕು, ವಾರಕ್ಕೆ ಮೂರು ದಿನವಾದರೂ ಸ್ನಾಯು, ಮೂಳೆಗೆ ಬಲ ಕೊಡುವ ಚಟುವಟಿಕೆ ಇರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಟ್ಯೂಷನ್, ಬಸ್ ಪ್ರಯಾಣ, ಮನೆಪಾಠಗಳ ನಡುವೆ ಒಂದು ಗಂಟೆ ಎಲ್ಲಿಂದ ತರುವುದು ಎಂದು ತಾಯಂದಿರು ಕೇಳುತ್ತಾರೆ. ಒಟ್ಟಿಗೇ ಆಗಬೇಕಿಲ್ಲ. ಶಾಲೆಯಿಂದ ಬಂದು ಕೆರೆ-ದಡ ಹದಿನೈದು ನಿಮಿಷ, ಸಂಜೆ ಕೆಳಗೆ ಮುಕ್ಕಾಲು ಗಂಟೆ. ಅಷ್ಟಾದರೆ ಲೆಕ್ಕ ತುಂಬಿತು.

ಕಷ್ಟವಿರುವುದು ಜಾಗಕ್ಕೆ. ಶಿವಾಜಿ ಪಾರ್ಕ್‌ನಂಥ ದೊಡ್ಡ ಮೈದಾನ ಎಲ್ಲರ ಮನೆಯ ಮುಂದೆ ಇಲ್ಲ. ಕೆಲವು ವರ್ಷಗಳ ಹಿಂದೆ ನಾನು ಬಾಡಿಗೆಗಿದ್ದ ಒಂದು ಕಟ್ಟಡದ ಗೇಟಿನಲ್ಲಿ 'ಇಲ್ಲಿ ಆಡಬಾರದು' ಎಂಬ ಫಲಕವಿತ್ತು. ಹಿಂದೊಮ್ಮೆ ಕಾರಿನ ಗಾಜು ಒಡೆದಿತ್ತಂತೆ. ನಾನು ಕಾಲುಚೀಲದ ಚೆಂಡನ್ನು ಕೈಯಲ್ಲಿ ಹಿಡಿದು ಸಮಿತಿಯ ಸಭೆಗೆ ಹೋದೆ. ಚೆಂಡನ್ನು ಕಾರ್ಯದರ್ಶಿಯವರ ಕೈಗೆ ಕೊಟ್ಟು, "ಇದರಿಂದ ನಿಮ್ಮ ಕಾರಿಗೆ ಹೊಡೆದು ನೋಡಿ" ಎಂದೆ. ಅವರು ನಿಜವಾಗಿಯೂ ಕೆಳಗೆ ಇಳಿದು ಹೊಡೆದು ನೋಡಿದರು. ಸಂಜೆ ಐದೂವರೆಯಿಂದ ಆರೂವರೆ, ಒಂದು ತಿಂಗಳ ಮಟ್ಟಿಗೆ, ದೊಡ್ಡವರೊಬ್ಬರು ಜೊತೆಗಿರಬೇಕು ಎಂಬ ಷರತ್ತಿನ ಮೇಲೆ ಒಪ್ಪಿಗೆ ಸಿಕ್ಕಿತು. ಎರಡನೆಯ ವಾರ ಅವರ ಮೊಮ್ಮಗಳು ಲಗೋರಿಗೆ ಬಂದಳು. ತಿಂಗಳು ಮುಗಿದ ದಿನ ಯಾರೂ ಕೇಳಲಿಲ್ಲ, ನಾವೂ ನೆನಪಿಸಲಿಲ್ಲ. ಫಲಕ ಇನ್ನೂ ಅಲ್ಲಿಯೇ ಇದೆ. ಡೋಂಗರ್-ಪಾಣಿ ಆಡುವಾಗ ಮಕ್ಕಳು ಅದರ ಕೆಳಗಿನ ಕಟ್ಟೆಯನ್ನೇ ಗುಡ್ಡ ಮಾಡಿಕೊಂಡಿದ್ದಾರೆ.