ಪದ ಪರಿಚಯ: ಭಿತ್ತಿಪತ್ರ ಮಂಡನೆ

ವಿಚಾರ ಸಂಕಿರಣವೊಂದರ ಆಮಂತ್ರಣ ಪತ್ರಿಕೆಯಲ್ಲಿ ಮತ್ತೊಮ್ಮೆ ‘ಭಿತ್ತಿಚಿತ್ರ ಪ್ರದರ್ಶನ’ ಎಂದು ಅಚ್ಚಾಗಿದೆ. ಇರುವುದು ಎರಡು ಪದ, ಎರಡೂ ತಪ್ಪು. ಭಿತ್ತಿಚಿತ್ರ ಎಂದರೆ ಗೋಡೆಯ ಮೇಲೆಯೇ ಬರೆದದ್ದು. ಅಜಂತಾದಲ್ಲಿರುವುದು, ಶ್ರೀರಂಗಪಟ್ಟಣದ ದರಿಯಾ ದೌಲತ್‌ನಲ್ಲಿರುವುದು. ಅದನ್ನು ಸುರುಳಿ ಸುತ್ತಿ ಬಸ್ಸಿನಲ್ಲಿ ತರಲಾಗದು. ಸಂಕಿರಣಕ್ಕೆ ತರುವುದು ಭಿತ್ತಿಪತ್ರ, ಅಂದರೆ ತಮ್ಮ ಸಂಶೋಧನೆಯ ಸಾರವನ್ನು ಒಂದು ದೊಡ್ಡ ಹಾಳೆಯಲ್ಲಿ ಅಚ್ಚು ಹಾಕಿಸಿದ ಪೋಸ್ಟರ್.

‘ಭಿತ್ತಿ’ ಹುಟ್ಟಿದ್ದು ಸಂಸ್ಕೃತದ ‘ಭಿದ್’ ಧಾತುವಿನಿಂದ. ಭೇದ, ಭಿನ್ನ ಅದರ ಒಡಹುಟ್ಟುಗಳು. ಸೀಳುವುದು, ಸೀಳಿದ ಜೊಂಡಿನ ತಟ್ಟಿ, ಅಡ್ಡಗಟ್ಟಿ ಬೇರ್ಪಡಿಸುವ ತಡಿಕೆ, ಗೋಡೆ ಎಲ್ಲವೂ ಆ ಒಂದೇ ಪದದ ಅರ್ಥಗಳು. ಸಂಕಿರಣದ ಹಜಾರದಲ್ಲಿ ಸಾಲಾಗಿ ನಿಲ್ಲಿಸುವ ಹಲಗೆಗಳು ಗೋಡೆಗಿಂತ ತಡಿಕೆಗೇ ಹತ್ತಿರ. ಹಾಗಾಗಿ ಭಿತ್ತಿಪತ್ರ ಎಂಬ ಪದದ ಬಗ್ಗೆ ನನಗೆ ತಕರಾರಿಲ್ಲ.

ತಕರಾರಿರುವುದು ‘ಪ್ರದರ್ಶನ’ದ ಬಗ್ಗೆ. ಬಜೆಟ್ ಮಂಡಿಸುತ್ತಾರೆ, ಮಸೂದೆ ಮಂಡಿಸುತ್ತಾರೆ, ಪ್ರಬಂಧ ಮಂಡಿಸುತ್ತಾರೆ. ಪೋಸ್ಟರನ್ನು ಮಾತ್ರ ಏಕೆ ಪ್ರದರ್ಶಿಸಬೇಕು? ಸಂಸ್ಕೃತದಲ್ಲಿ ‘ಮಂಡನ’ ಎಂದರೆ ಸಿಂಗಾರ ಎಂಬ ಅರ್ಥವೂ ಉಂಟು. ಶಾಸ್ತ್ರವಾದದಲ್ಲಿ ಅದು ‘ಖಂಡನ’ಕ್ಕೆ ಎದುರಾಳಿ: ಒಬ್ಬ ಮುರಿಯುತ್ತಾನೆ, ಇನ್ನೊಬ್ಬ ತನ್ನ ಪಕ್ಷವನ್ನು ನಿಲ್ಲಿಸುತ್ತಾನೆ. ಕನ್ನಡ ಉಳಿಸಿಕೊಂಡದ್ದು ಈ ಎರಡನೆಯ ಅರ್ಥವನ್ನು. ಆದರೆ ನಮ್ಮ ಪೋಸ್ಟರುಗಳಲ್ಲಿ ಸಿಂಗಾರವೇ ಗೆದ್ದಿದೆ. ಕಾಮನಬಿಲ್ಲಿನ ಹಿನ್ನೆಲೆ, ನಾಲ್ಕು ಮೂಲೆಗೆ ನಾಲ್ಕು ಲಾಂಛನ, ನಡುವೆ ಇರುವೆಸಾಲಿನಂಥ ಅಕ್ಷರ.

ಮಂಡನೆ ಎಂದ ಮೇಲೆ ಮಂಡಿಸುವವರು ಅಲ್ಲಿರಬೇಕು, ಖಂಡಿಸಬಲ್ಲವರು ಎದುರಿಗಿರಬೇಕು. ಈ ಪದ್ಧತಿ ಬೆಳೆದದ್ದೇ ಹಾಗೆ. ಪ್ರಬಂಧಗಳು ಹೆಚ್ಚಿ ವೇದಿಕೆಯ ಹೊತ್ತು ಸಾಲದಾದಾಗ ಯುರೋಪಿನ ಜೀವರಸಾಯನ ವಿಜ್ಞಾನಿಗಳು 1969ರ ಮ್ಯಾಡ್ರಿಡ್ ಸಮ್ಮೇಳನದಲ್ಲಿ ಇದಕ್ಕೆ ಜಾಗ ಕೊಟ್ಟರು. 1974ರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನಲ್ಲೂ ನಡೆಯಿತು. ವೇದಿಕೆಯ ಮೇಲಿನವರಿಗೆ ಪ್ರಶ್ನೆ ಕೇಳಲು ಕೈಯೆತ್ತಿ ಕಾಯಬೇಕು. ಇಲ್ಲಿ ಕೇಳುವವರು ಮೊಳದ ದೂರದಲ್ಲಿರುತ್ತಾರೆ. ಪೋಸ್ಟರನ್ನು ಸಿಕ್ಕಿಸಿ ಚಹಾಕ್ಕೆ ಹೋದವರು ಅದನ್ನು ತೂಗುಹಾಕಿದರು ಎನ್ನಬಹುದು, ಮಂಡಿಸಿದರು ಎನ್ನಲಾಗದು.

ಇಷ್ಟು ಒಪ್ಪಿದರೆ ತಯಾರಿಯ ಅರ್ಧ ಗೊಂದಲ ಕಳೆಯುತ್ತದೆ. ಇಡೀ ಪ್ರಬಂಧವನ್ನು ತಂದು ಅಂಟಿಸಬೇಕಿಲ್ಲ, ಏಕೆಂದರೆ ಉಳಿದದ್ದನ್ನು ಹೇಳಲು ನೀವಿದ್ದೀರಿ. ಶೀರ್ಷಿಕೆಯನ್ನೇ ನೋಡಿ. ‘ಗ್ರಾಮೀಣ ಗ್ರಂಥಾಲಯಗಳ ಬಳಕೆ: ಒಂದು ಅಧ್ಯಯನ’ ಎಂಬುದರಲ್ಲಿ ಪಕ್ಷವೂ ಇಲ್ಲ, ಪ್ರತಿಪಕ್ಷವೂ ಇಲ್ಲ. (ಈ ‘ಒಂದು ಅಧ್ಯಯನ’ ಯಾವಾಗ ನಮ್ಮ ಬೆನ್ನು ಬಿಡುತ್ತದೋ! ಎರಡು ಅಧ್ಯಯನ ಎಂದು ಯಾರು ಭಾವಿಸಿದ್ದರು?) ‘ಸಂಜೆಯೂ ಬಾಗಿಲು ತೆರೆದರೆ ಹಳ್ಳಿಯ ಗ್ರಂಥಾಲಯಕ್ಕೆ ಓದುಗರು ಹೆಚ್ಚುತ್ತಾರೆ’ ಎಂದು ಬರೆಯಿರಿ. ನಡೆದು ಹೋಗುತ್ತಿದ್ದ ಗ್ರಂಥಪಾಲಕರೊಬ್ಬರು ನಿಂತು, ‘ಸಿಬ್ಬಂದಿ ಎಲ್ಲಿಂದ ತರೋಣ ಸ್ವಾಮಿ?’ ಎಂದು ಕೇಳುತ್ತಾರೆ. ಮಂಡನೆ ಶುರುವಾಗುವುದು ಅಲ್ಲಿಂದ. ಮನಶ್ಶಾಸ್ತ್ರದ ಸಂಶೋಧಕ ಮೈಕ್ ಮಾರಿಸನ್ 2019ರಲ್ಲಿ ಪ್ರಚಾರಕ್ಕೆ ತಂದ ಮಾದರಿಯೂ ಇಂಥದ್ದೇ: ನಡುವೆ ದೊಡ್ಡ ಅಕ್ಷರದಲ್ಲಿ ಫಲಿತಾಂಶದ ಒಂದೇ ವಾಕ್ಯ, ವಿವರಗಳು ಬದಿಗೆ, ಪೂರ್ಣ ಪ್ರಬಂಧಕ್ಕೆ ಕ್ಯೂಆರ್ ಕೋಡ್. ನಡುಭಾಗ ತೀರಾ ಬೋಳು ಎಂಬ ಆಕ್ಷೇಪ ನ್ಯಾಯವಾದದ್ದೇ; ಅಲ್ಲೊಂದು ಒಳ್ಳೆಯ ನಕ್ಷೆಯನ್ನು ಕೂರಿಸಿದರಾಯಿತು.

ಎದುರಿಗೆ ಬಂದವರಿಗೆ ಒಂದು ನಿಮಿಷದಲ್ಲಿ ಹೇಳುವ ಮಾತನ್ನು ಬಾಯಿಗೆ ತಂದುಕೊಳ್ಳಿ, ಹಲಗೆಗೆ ಬೆನ್ನು ಹಾಕಿಯೇ ಹೇಳುವಷ್ಟು. ಹಲಗೆಯತ್ತ ತಿರುಗಿ ತಮ್ಮ ಪೋಸ್ಟರನ್ನು ತಾವೇ ಓದುವವರು ನನಗೆ ಅರ್ಥವಾಗುವುದಿಲ್ಲ.

ಅಳತೆಯ ಮಾತು ಬೇಗ ಮುಗಿಯುತ್ತದೆ. ಪೋಸ್ಟರಿಗೆ ಸಾಮಾನ್ಯವಾಗಿ ಬಳಸುವ ಎ0 ಹಾಳೆ 841 ಮಿ.ಮೀ. ಅಗಲ, 1189 ಮಿ.ಮೀ. ಉದ್ದ. ಹಲಗೆ ಅಡ್ಡವೋ ಉದ್ದವೋ ಎಂಬುದನ್ನು ಸಂಘಟಕರನ್ನು ಮೊದಲೇ ಕೇಳಿಕೊಳ್ಳಿ. ಕನ್ನಡದ ಪೋಸ್ಟರಾದರೆ ಸಾಲುಗಳ ನಡುವೆ ಇನ್ನಷ್ಟು ಜಾಗ ಬಿಡಿ. ಇಲ್ಲವಾದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ‘ನುಡಿ’ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದ ಕಡತವನ್ನು ಹಾಗೆಯೇ ಮುದ್ರಣದಂಗಡಿಗೆ ಒಯ್ದರೆ, ಅವರ ಕಂಪ್ಯೂಟರಿನಲ್ಲಿ ಆ ಅಕ್ಷರಗಳಿಲ್ಲದೆ ನಿಮ್ಮ ಫಲಿತಾಂಶವೆಲ್ಲ ರೋಮನ್ ಚಿಹ್ನೆಗಳ ಕಲಸುಮೇಲೋಗರವಾಗಿ ಕಾಣುತ್ತದೆ. ಪಿಡಿಎಫ್ ಮಾಡಿಕೊಂಡು ಹೋಗಿ, ಮುದ್ರಣಕ್ಕೆ ಕೊಡುವ ಮುನ್ನ ಅವರ ಪರದೆಯ ಮೇಲೆಯೇ ಒಮ್ಮೆ ಓದಿ ನೋಡಿ.