ಸ್ಕ್ಯಾನಿಂಗಿನಲ್ಲಿ ಕಾಣದ ಹೊಟ್ಟೆನೋವು

ಹದಿನಾರರ ಹುಡುಗಿಗೆ ಪ್ರತಿ ಸೋಮವಾರ ಬೆಳಗ್ಗೆ ಹೊಟ್ಟೆನೋವು. ಸ್ಕ್ಯಾನಿಂಗ್, ಎಂಡೋಸ್ಕೋಪಿ ಎಲ್ಲ ಮುಗಿಸಿ, ದೋಷವೇನೂ ಇಲ್ಲವೆಂಬ ವರದಿಗಳ ಕಡತ ಹಿಡಿದು ತಂದೆ ತಾಯಿ ನನ್ನಲ್ಲಿಗೆ ಬಂದರು. ಇಬ್ಬರೂ ವೈದ್ಯರು. (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.) ಸೋಮವಾರ ಅವಳ ಪಿಯು ಕಾಲೇಜಿನಲ್ಲಿ ವಾರದ ನೀಟ್ ಪರೀಕ್ಷೆ. ರಾತ್ರಿಯೊಳಗೆ ಅಂಕ ಪೋಷಕರ ಮೊಬೈಲಿಗೆ ಬಂದಿರುತ್ತದೆ.

"ನಾವು ಒಂದು ದಿನವೂ ಅವಳ ಮೇಲೆ ಒತ್ತಡ ಹಾಕಿದವರಲ್ಲ ಡಾಕ್ಟರೇ" ಎಂದರು ತಾಯಿ. ಅವರು ಸುಳ್ಳು ಹೇಳಲಿಲ್ಲ. ಹುಡುಗಿಯೊಬ್ಬಳನ್ನೇ ಕೂರಿಸಿ ಕೇಳಿದಾಗ ಅವಳೆಂದಳು: "ಯಾರೂ ಬೈಯುವುದಿಲ್ಲ. ಅಂಕ ಕಡಿಮೆಯಾದ ದಿನ ಊಟಕ್ಕೆ ಕೂತಾಗ ಯಾರೂ ಮಾತಾಡುವುದೂ ಇಲ್ಲ."

ಅನುಕೂಲಸ್ಥರ ಮಕ್ಕಳಿಗೆ ಏನು ಕಷ್ಟ ಎಂಬ ಪ್ರಶ್ನೆ ನನಗೆ ಹೊಸದಲ್ಲ. ಭಾರತದಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ಮನಶ್ಶಾಸ್ತ್ರಜ್ಞೆ ಸುನಿಯಾ ಲೂಥರ್ ಬಡ ಬಡಾವಣೆಗಳ ಹದಿಹರೆಯದವರ ಜೊತೆ ಹೋಲಿಸಲೆಂದು ಸಿರಿವಂತ ಉಪನಗರದ ಮಕ್ಕಳನ್ನೂ ಅಧ್ಯಯನ ಮಾಡಿದರು. 1999ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಆತಂಕವೂ ಮಾದಕ ವಸ್ತುಗಳ ಬಳಕೆಯೂ ಸಿರಿವಂತರ ಮಕ್ಕಳಲ್ಲೇ ಹೆಚ್ಚು ಕಂಡವು. ಅವರ ಮುಂದಿನ ಕೆಲಸ ಎರಡು ಕಾರಣಗಳತ್ತ ಬೆರಳು ತೋರಿತು: ಸಾಧಿಸಲೇಬೇಕೆಂಬ ಒತ್ತಡ, ಹೆತ್ತವರಿಂದ ಮನಸ್ಸು ದೂರವಾಗುವುದು. ಇನ್ನೊಂದು ಮಾತೂ ಅವರ ತಂಡದ ಅಧ್ಯಯನದಲ್ಲಿದೆ. ಪರರ ಬಗೆಗಿನ ಕರುಣೆಗಿಂತ ಅಂಕವೇ ಅಪ್ಪ ಅಮ್ಮನಿಗೆ ದೊಡ್ಡದು ಎಂದು ನಂಬಿದ ಮಕ್ಕಳ ಸ್ಥಿತಿ ಉಳಿದವರಿಗಿಂತ ಕೆಟ್ಟದಾಗಿತ್ತು. ಹೆತ್ತವರ ಮನಸ್ಸಿನಲ್ಲಿ ಏನಿತ್ತು ಎಂಬುದಕ್ಕಿಂತ ಮಗು ಏನೆಂದು ತಿಳಿದುಕೊಂಡಿತು ಎಂಬುದನ್ನು ಆ ಅಧ್ಯಯನ ಅಳೆದಿತ್ತು. ಆ ಮೌನದ ಊಟ ನನಗೆ ಅದಕ್ಕೇ ಮುಖ್ಯವಾಯಿತು.

ನಮ್ಮ ಕರಾವಳಿಯಲ್ಲಿ ಮೌನಕ್ಕೂ ಭಾರ ಹೆಚ್ಚು. ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶದಲ್ಲಿ ದಕ್ಷಿಣ ಕನ್ನಡ ಮತ್ತು ಉಡುಪಿ ಮುಂಚೂಣಿಯಲ್ಲಿರುವುದು ನಮಗೆ ವಾಡಿಕೆಯೇ ಆಗಿದೆ. 2025ರ ಪಿಯುಸಿಯಲ್ಲೂ ಉಡುಪಿಯೇ ಮೊದಲು. ಫಲಿತಾಂಶದ ಮರುದಿನದಿಂದ ರಸ್ತೆಯುದ್ದಕ್ಕೂ ಫ್ಲೆಕ್ಸ್‌ಗಳಲ್ಲಿ ರ‍್ಯಾಂಕ್ ಪಡೆದವರ ಮುಖಗಳು. ಅವುಗಳ ಕೆಳಗೆ ಬಸ್ಸಿಗೆ ಕಾಯುವ, ಶೇಕಡಾ 88 ಬಂದ ಹುಡುಗ ತನ್ನನ್ನು ಫೇಲಾದವನೆಂದೇ ಎಣಿಸುತ್ತಾನೆ. ವೈದ್ಯರ ಮನೆಯಾದರಂತೂ ಅಪ್ಪನ ನರ್ಸಿಂಗ್ ಹೋಮ್ ಮುಂದೆ ಯಾರಿಗೆ ಎಂಬ ಮಾತು ಮಗು ಎಂಟನೇ ತರಗತಿಯಲ್ಲಿರುವಾಗಲೇ ನೆಂಟರ ಬಾಯಲ್ಲಿರುತ್ತದೆ.

ಇಂಥ ಮನೆಯವರು ನಮ್ಮ ಬಳಿ ತಡವಾಗಿ ಬರುತ್ತಾರೆ. ಪರಿಚಯದವರು ನೋಡಿಯಾರು ಎಂದು ಸಂಜೆಯ ಕೊನೆಯ ಸರದಿ ಕೇಳುತ್ತಾರೆ. ಬರಲಿ, ಯಾವ ಹೊತ್ತಿಗಾದರೂ ಬರಲಿ. ನಿದ್ದೆ ಕೆಟ್ಟರೆ, ಊಟ ಬಿಟ್ಟರೆ, ಸೆಕೆಯಲ್ಲೂ ತುಂಬುತೋಳಿನ ಅಂಗಿಯನ್ನೇ ಹಾಕುತ್ತಿದ್ದರೆ, "ನಾನಿಲ್ಲದಿದ್ದರೆ ಒಳ್ಳೆಯದಿತ್ತು" ಎಂದರೆ ಪರೀಕ್ಷೆ ಮುಗಿಯಲಿ ಎಂದು ಕಾಯಬೇಡಿ. ಕೈ ಕೊಯ್ದುಕೊಂಡ ಗುರುತು ಕಂಡರೆ ಗದರಬೇಡಿ, ಪಕ್ಕದಲ್ಲಿ ಕುಳಿತುಕೊಳ್ಳಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಆ ಮನೆಯವರಿಗೆ ನಾನು ಹೇಳಿದ್ದು ಇಷ್ಟೇ: ಅಂಕದ ಸಂದೇಶವನ್ನು ಅವಳಿಗಿಂತ ಮೊದಲು ನೀವು ತೆರೆಯಬೇಡಿ, ಸೋಮವಾರ ಊಟದ ಹೊತ್ತಿಗೆ ಬೇರೇನಾದರೂ ಮಾತಾಡಿ. ಮೂರನೇ ಭೇಟಿಯಲ್ಲಿ ತಂದೆ ಹಿಂಜರಿಯುತ್ತ ಒಂದು ವಿಷಯ ತೆಗೆದರು. ಮೊದಲ ಸಲ ಸಿಇಟಿ ಬರೆದಾಗ ಅವರಿಗೆ ಸೀಟು ಸಿಕ್ಕಿರಲಿಲ್ಲ, ಒಂದು ವರ್ಷ ಮನೆಯಲ್ಲಿದ್ದರು. ಮಗಳಿಗೆ ಅದು ಗೊತ್ತೇ ಇರಲಿಲ್ಲ. ಅವಳು ತಂದೆಯತ್ತ ಪೂರ್ತಿ ತಿರುಗಿ ಕುಳಿತು ಕೇಳಿದಳು: "ಆ ವರ್ಷ ಅಜ್ಜ ನಿಮ್ಮ ಹತ್ತಿರ ಮಾತಾಡುತ್ತಿದ್ದರಾ?"